ಅಂಗಡಿ ಖಾಲಿಯಾದ ಮೇಲೆ ಬರುವ ಪ್ರಶ್ನೆ

ಶಿರಸಿ ಪೇಟೆಯಲ್ಲಿ ನಮ್ಮದೊಂದು ಔಷಧಿ ಅಂಗಡಿ ಇದೆ. ಅಲ್ಲಿ ಕೂರಲು ಶುರು ಮಾಡಿ ಬಹಳ ವರ್ಷಗಳಾದವು. ಕೌಂಟರಿನ ಎದುರು ಜನ ಇರುವಾಗ ಒಬ್ಬಿಬ್ಬರು ಮಾತ್ರ ಬದಿಗೆ ಸರಿದು, ಸುಮ್ನೆ ಟೂತ್‌ಪೇಸ್ಟ್ ಡಬ್ಬಿ ನೋಡುತ್ತಾ ನಿಲ್ಲುತ್ತಾರೆ. ಎಲ್ಲರೂ ಹೋದ ಮೇಲೆ ಹತ್ತಿರ ಬರುತ್ತಾರೆ. ಮೊದಲು ಜ್ವರದ ಮಾತ್ರೆ ಕೇಳುತ್ತಾರೆ. ದುಡ್ಡು ಕೊಟ್ಟು, ಚಿಲ್ಲರೆ ತಗೊಂಡು, ಇನ್ನೇನು ಹೊರಡಬೇಕು ಅನ್ನುವಾಗ ದನಿ ತಗ್ಗಿಸುತ್ತಾರೆ. "ಮಗಂದು... ಉಚ್ಚೆ ಹೊಯ್ಯೋ ಜಾಗದ ಚರ್ಮ ಹಿಂದೆ ಹೋಗ್ತಾ ಇಲ್ಲ. ಏನಾದ್ರೂ ಮುಲಾಮು ಇದ್ಯಾ?"

ಮಗುವಿಗೆ ಭೇದಿ ಆದರೆ ಇದೇ ಜನ ನಾಲ್ಕು ಮಂದಿಯ ಎದುರೇ ಬಣ್ಣ ಸಮೇತ ವಿವರಿಸುತ್ತಾರೆ. ಈ ವಿಷಯಕ್ಕೆ ಮಾತ್ರ ಯಾಕೆ ಪಿಸುಮಾತು ಅಂತ ನನಗೂ ಗೊತ್ತು. ನನ್ನನ್ನು ಕಾಡುವುದು ಅದಲ್ಲ. ಹೀಗೆ ಬರುವವರಲ್ಲಿ ಜಾಸ್ತಿ ಜನ ಒಂದೋ ಎರಡೋ ಮೂರೋ ವರ್ಷದ ಮಕ್ಕಳ ಅಪ್ಪ ಅಮ್ಮ. ಅವರ ಮಕ್ಕಳಿಗೆ ಬಹುತೇಕ ಏನೂ ಆಗಿರುವುದಿಲ್ಲ. ನಿಜವಾಗಿ ಡಾಕ್ಟರ್ ನೋಡಬೇಕಾದ ಹುಡುಗರು ಹೆಚ್ಚಾಗಿ ಇನ್ನೂ ದೊಡ್ಡವರು. ಎಂಟರವನು, ಹತ್ತರವನು, ಹದಿಮೂರರವನು. ಆ ವಯಸ್ಸಿಗೆ ಹುಡುಗ ತಾನೇ ಸ್ನಾನ ಮಾಡುತ್ತಾನೆ, ಬಾಗಿಲು ಹಾಕಿಕೊಳ್ಳುತ್ತಾನೆ. ಯಾರೂ ನೋಡುವುದಿಲ್ಲ, ಅವನೂ ಹೇಳುವುದಿಲ್ಲ. ಸುಮ್ಮನೆ ಬಿಟ್ಟರೆ ಸಾಕಾದ ಮಕ್ಕಳ ಮೇಲೆ ಕೈ ಹೋಗುತ್ತದೆ, ಕಣ್ಣು ಹೋಗಬೇಕಾದ ಮಕ್ಕಳ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಆದರೆ ಔಷಧ ಕೊಡುವವನಿಗೆ ಓದದೆ ಇರಲು ಆಗುವುದಿಲ್ಲ.

ಬಚ್ಚಲಮನೆಯ ಎಣ್ಣೆ

ಬಾಣಂತಿ ಇರುವ ಮನೆಯ ಬಚ್ಚಲು ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹಂಡೆಯ ಬಿಸಿನೀರು, ಒಲೆಯ ಹೊಗೆ, ಕಾಲು ಚಾಚಿ ಕೂತ ಅಜ್ಜಿ, ಕಾಲಿನ ಮೇಲೆ ಮಗು. ತಲೆಗೆ ಎಣ್ಣೆ ತಟ್ಟಿ, ಮೂಗು ತೀಡಿ, ಕೈಕಾಲು ಮಡಚಿ ಬಿಡಿಸಿ ಆಗುತ್ತದೆ. ಗಂಡು ಮಗುವಾದರೆ ಕೆಲವು ಮನೆಗಳಲ್ಲಿ ಇನ್ನೊಂದು ಕೆಲಸವೂ ಇರುತ್ತದೆ. ಮುಂದೊಗಲಿಗೆ, ಅಂದರೆ ಶಿಶ್ನದ ತುದಿಯನ್ನು ಮುಚ್ಚಿರುವ ಚರ್ಮಕ್ಕೆ, ಕೊಬ್ಬರಿ ಎಣ್ಣೆ ಹಚ್ಚಿ ದಿನಾ ಸ್ವಲ್ಪ ಸ್ವಲ್ಪ ಹಿಂದಕ್ಕೆ ಎಳೆಯುವುದು. ಹಾಗೆ ಮಾಡಿದರೆ ಬಿಗಿ ಬಿಡುತ್ತದೆ ಅನ್ನುವ ನಂಬಿಕೆ.

ಒಂದು ಆಷಾಢದ ಸಂಜೆ ಹುಲೇಕಲ್ ಕಡೆಯಿಂದ ಅತ್ತೆ ಸೊಸೆ ಇಬ್ಬರೂ ಬಂದಿದ್ದರು. ಜೋರು ಮಳೆ. ಹೊದಿಸಿದ ಕಂಬಳಿಯೊಳಗೆ ಒಂದು ವರ್ಷದೊಳಗಿನ ಮಗು ಅತ್ತು ಅತ್ತು ಸುಸ್ತಾಗಿ ನಿದ್ದೆ ಹೋಗಿತ್ತು. ಅಜ್ಜಿ ಗಾಯಕ್ಕೆ ಹಾಕುವ ಪುಡಿ ಕೇಳಿದರು. ಎಲ್ಲಿ ಗಾಯ ಅಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಸೊಸೆ ಹೇಳಿದಳು, ಬೆಳಿಗ್ಗೆ ಮೀಸುವಾಗ ಚರ್ಮ ಸ್ವಲ್ಪ ಹರಿದು ರಕ್ತ ಬಂತು, ಆಗಿನಿಂದ ಉಚ್ಚೆ ಮಾಡುವಾಗೆಲ್ಲ ಕಿರುಚುತ್ತಾನೆ ಅಂತ. ಅಜ್ಜಿಯ ಕಣ್ಣಲ್ಲಿ ನೀರಿತ್ತು. "ಈಗ್ಲೇ ಬಿಡ್ಸದೇ ಇದ್ರೆ ಮುಂದೆ ತ್ರಾಸ ಆಗ್ತಡ. ನನ್ನ ಮಕ್ಳಿಗೂ ಹೀಂಗೇ ಮಾಡಿದ್ದೆ" ಅಂದರು. ಆ ಅಜ್ಜಿಯ ಮೇಲೆ ನನಗೆ ಒಂದಿಷ್ಟೂ ಸಿಟ್ಟು ಬರಲಿಲ್ಲ. ಮೊಮ್ಮಗನ ಮೇಲಿನ ಜೀವದಿಂದಲೇ ಮಾಡಿದ ಕೆಲಸ ಅದು. ಪುಡಿ ಕೊಡಲಿಲ್ಲ. ಪಕ್ಕದ ರಸ್ತೆಯ ಮಕ್ಕಳ ಡಾಕ್ಟರ್ ಇನ್ನೂ ಇದ್ದಾರೆ, ಈಗಲೇ ತೋರಿಸಿ ಅಂತ ಕಳಿಸಿದೆ.

ಹುಟ್ಟಿದ ಮಗುವಿನಲ್ಲಿ ಮುಂದೊಗಲಿನ ಒಳಮೈ ಶಿಶ್ನದ ತುದಿಗೆ ಅಂಟಿಕೊಂಡೇ ಇರುತ್ತದೆ. ಅದು ರೋಗವಲ್ಲ, ಹುಟ್ಟಿನ ರೀತಿ. ಡಯಾಪರ್ ವಯಸ್ಸಿನಲ್ಲಿ ಆ ಎಳೆ ತುದಿಗೆ ಅದೇ ರಕ್ಷಣೆ. ವರ್ಷಗಳು ಕಳೆದಂತೆ ಎರಡರ ನಡುವಿನ ಅಂಟು ತಾನಾಗಿಯೇ ಬಿಡುತ್ತದೆ, ಮುಂದೊಗಲಿನ ಬಾಯಿಯ ಬಿಗಿಯೂ ಸಡಿಲವಾಗುತ್ತದೆ. ಎಳೆ ಬಾಳೆಕಾಯಿಯ ಸಿಪ್ಪೆ ಸುಲಿಯಲು ಹೋದರೆ ತಿರುಳೂ ಕಿತ್ತು ಬರುತ್ತದಲ್ವಾ, ಹಣ್ಣಾದಾಗ ಕೈ ತಾಗಿದರೆ ಸಾಕು. ಇಲ್ಲೂ ಅವಸರ ಮಾಡಿದರೆ ಸಣ್ಣ ಸಣ್ಣ ಸೀಳು ಬೀಳುತ್ತದೆ. ಸೀಳು ಮಾಯುವಾಗ ಕಲೆ ಕಟ್ಟುತ್ತದೆ. ಕಲೆ ಕಟ್ಟಿದ ಚರ್ಮ ಹಿಗ್ಗುವುದಿಲ್ಲ. ಬಿಗಿ ಬಿಡಲಿ ಅಂತ ಎಳೆದದ್ದೇ ನಿಜವಾದ ಬಿಗಿಗೆ ಕಾರಣ ಆಗಬಹುದು.

ಇದೇನೂ ಹೊಸ ಸಂಗತಿ ಅಲ್ಲ. 1949ರಲ್ಲಿ ಇಂಗ್ಲೆಂಡಿನ ಮಕ್ಕಳ ಡಾಕ್ಟರ್ ಡಗ್ಲಾಸ್ ಗೇರ್ಡನರ್ ನವಜಾತ ಶಿಶುಗಳನ್ನು ಪರೀಕ್ಷಿಸಿ ಬರೆದರು. ಚರ್ಮ ಪೂರ್ತಿ ಹಿಂದೆ ಸರಿಯುತ್ತಿದ್ದದ್ದು 100ರಲ್ಲಿ 4 ಮಕ್ಕಳಿಗೆ ಮಾತ್ರ. 1968ರಲ್ಲಿ ಡೆನ್ಮಾರ್ಕಿನ ಯಾಕೊಬ್ ಓಸ್ಟರ್ ಶಾಲೆ ಹುಡುಗರನ್ನು ವರ್ಷಗಟ್ಟಲೆ ನೋಡಿ ಇನ್ನೊಂದು ಲೆಕ್ಕ ಕೊಟ್ಟರು. 6-7 ವರ್ಷದವರಲ್ಲಿ ನೂರಕ್ಕೆ 63 ಹುಡುಗರಿಗೆ ಒಳಗಿನ ಅಂಟು ಇನ್ನೂ ಇತ್ತು, 8 ಮಂದಿಗೆ ಬಾಯಿಯೇ ಬಿಗಿಯಾಗಿತ್ತು. 16-17ರ ಹೊತ್ತಿಗೆ ಅಂಟು ಉಳಿದವರು 3, ಬಿಗಿ ಉಳಿದವರು 1. ಒಂದನೇ ಕ್ಲಾಸಿನ ಹುಡುಗನಿಗೆ ಚರ್ಮ ಪೂರ್ತಿ ಹಿಂದೆ ಹೋಗುವುದಿಲ್ಲ ಅಂದರೆ ಗಾಬರಿ ಬೇಡ ಅಂತ ನಾನು ಧೈರ್ಯವಾಗಿ ಹೇಳುವುದು ಈ ಲೆಕ್ಕ ಗೊತ್ತಿರುವುದರಿಂದ.

ಇನ್ನೆರಡು ವಿಷಯ ಅಪ್ಪ ಅಮ್ಮಂದಿರನ್ನು ತುಂಬ ಹೆದರಿಸುತ್ತವೆ. ಉಚ್ಚೆ ಮಾಡುವಾಗ ಮುಂದೊಗಲು ಬಲೂನಿನ ಹಾಗೆ ಉಬ್ಬುವುದು ಒಂದು. ಮಗುವಿಗೆ ನೋವಿಲ್ಲ, ಉಬ್ಬಿದ್ದು ಇಳಿಯುತ್ತದೆ, ಉಚ್ಚೆ ಸರಾಗವಾಗಿ ಬರುತ್ತದೆ ಅಂದರೆ ಅದರಿಂದ ತೊಂದರೆ ಇಲ್ಲ. ಒಳಗಿನ ಅಂಟು ಬಿಡುತ್ತಾ ಬಂದಾಗ ಹೀಗಾಗುವುದುಂಟು. ಇನ್ನೊಂದು, ಚರ್ಮದ ಕೆಳಗೆ ಕಾಣುವ ಬಿಳಿ ಅಥವಾ ತಿಳಿಹಳದಿ ಗುಳ್ಳೆ. ಜನ ಇದನ್ನು ಕೀವು ಅಂದುಕೊಂಡು ಆಂಟಿಬಯೋಟಿಕ್ ಕೇಳುತ್ತಾರೆ. ಅದು ಉದುರಿದ ಚರ್ಮದ ಕಣಗಳು ಒಟ್ಟುಗೂಡಿದ ಮೆತ್ತನೆಯ ಉಂಡೆ. ಕೆಂಪಿಲ್ಲ, ಊತವಿಲ್ಲ, ನೋವಿಲ್ಲ ಅಂದರೆ ಅದು ತಾನಾಗಿ ಹೊರಗೆ ಬರುತ್ತದೆ. ಒತ್ತಿ ತೆಗೆಯುವ ಅಗತ್ಯ ಇಲ್ಲ.

ಸಣ್ಣ ಮಗುವಿಗೆ ಹೊರಗಿನಿಂದ ನೀರು ಹಾಕಿ ತೊಳೆದರೆ ಮುಗಿಯಿತು. ಸೋಪು ಒಳಗೆ ಹೋಗುವುದು ಬೇಡ, ಉರಿಯುತ್ತದೆ. ಆಸ್ಪತ್ರೆಯಲ್ಲಿ ಯಾರಾದರೂ ಪರೀಕ್ಷೆ ಮಾಡುವಾಗ ಬಲವಾಗಿ ಹಿಂದಕ್ಕೆ ಎಳೆಯಲು ಹೊರಟರೂ "ಎಳೀಬೇಡಿ" ಅಂತ ತಾಯಿ ಹೇಳಬಹುದು. ಹಾಗೆ ಹೇಳಲು ಸಂಕೋಚ ಪಡಬೇಕಾಗಿಲ್ಲ.

ಮೊದಲು ಹೋಗ್ತಿತ್ತು, ಈಗ ಹೋಗ್ತಿಲ್ಲ

ಹಾಗಾದರೆ ಡಾಕ್ಟರ್ ಬೇಕಾಗುವುದು ಯಾವಾಗ? ಇದಕ್ಕೆ ನನಗೆ ಯಾವಾಗಲೂ ನೆನಪಾಗುವುದು ಅಂಕೋಲೆಯಲ್ಲಿರುವ ನನ್ನ ಬಾಲ್ಯದ ಗೆಳೆಯನ ಫೋನು. ರಾತ್ರಿ ಊಟ ಮುಗಿದು ಮನೆಯವರೆಲ್ಲ ಮಲಗಿದ ಮೇಲೆ ಮಾಡಿದ್ದ. ಮಗ ಬಚ್ಚಲಲ್ಲಿ ತುಂಬ ಹೊತ್ತು ನಿಲ್ಲುತ್ತಾನೆ, ಉಚ್ಚೆ ದಾರದ ಹಾಗೆ ಸಣ್ಣಗೆ ಬರುತ್ತದೆ, ತುದಿಯಲ್ಲಿ ಆಗಾಗ ಸೀಳಿ ರಕ್ತ ಕಾಣುತ್ತದೆ ಅಂದ. ಹುಡುಗನಿಗೆ ಆಗ ಒಂಬತ್ತು ವರ್ಷ. ಇಷ್ಟೆಲ್ಲ ಹೇಳಿ, ಕೊನೆಗೆ ಸಣ್ಣ ವಿಷಯ ಅನ್ನುವ ಹಾಗೆ ಒಂದು ಮಾತು ಸೇರಿಸಿದ: "ಮೊದಲು ಚರ್ಮ ಸರಿಯಾಗಿ ಹಿಂದೆ ಹೋಗ್ತಿತ್ತು ಮಾರಾಯ. ಈಗೀಗ ಹೋಗ್ತಿಲ್ಲ."

ನನಗೆ ಆ ಕೊನೆಯ ಮಾತೇ ದೊಡ್ಡದಾಗಿ ಕೇಳಿಸಿತು. ಹುಟ್ಟಿನಿಂದ ಬಿಗಿಯಾಗಿದ್ದು ನಿಧಾನಕ್ಕೆ ಸಡಿಲವಾಗುವುದು ಸಹಜ. ಸಡಿಲವಾಗಿದ್ದದ್ದು ಮತ್ತೆ ಬಿಗಿಯಾಗುವುದು ಸಹಜ ಅಲ್ಲ. ಸಹಜ ಬಿಗಿ ಇರುವ ಮಗುವಿನ ಚರ್ಮವನ್ನು ಮೆಲ್ಲಗೆ ಸರಿಸಿದರೆ ಬಾಯಿ ಮೆತ್ತಗೆ, ಗುಲಾಬಿ ಬಣ್ಣದಲ್ಲಿ ಹೂವಿನಂತೆ ಅರಳುತ್ತದೆ ಅಂತ ಡಾಕ್ಟರುಗಳು ಹೇಳುತ್ತಾರೆ. ಗೆಳೆಯನ ಮಗನಿಗೆ ತುದಿಯಲ್ಲಿ ಬೆಳ್ಳಗಿನ, ಗಟ್ಟಿಯಾದ ಉಂಗುರ ಇತ್ತು. ಲೈಕನ್ ಸ್ಕ್ಲೆರೋಸಸ್ ಅನ್ನುವ ಚರ್ಮದ ಕಾಯಿಲೆ ಅದು. ಹಳೆಯ ಡಾಕ್ಟರುಗಳು ಬಿಎಕ್ಸ್ಒ ಅನ್ನುತ್ತಾರೆ. ಐದು ವರ್ಷದೊಳಗಿನವರಲ್ಲಿ ಅಪರೂಪ. ಸುಮ್ಮನೆ ಬಿಟ್ಟರೆ ಉಚ್ಚೆಯ ತೂತೂ ಕಿರಿದಾಗುತ್ತಾ ಹೋಗಬಹುದು. ಇಂಥ ಹುಡುಗರಿಗೆ ಕಾಯುವುದು ಒಳ್ಳೆಯದಲ್ಲ.

ಬೇರೆ ಲಕ್ಷಣಗಳನ್ನೂ ಹೇಳಿಬಿಡುತ್ತೇನೆ. ತುದಿ ಕೆಂಪಾಗಿ ಊದಿಕೊಂಡು, ಮುಟ್ಟಲು ಬಿಡದಷ್ಟು ನೋವಿದ್ದು, ಕೀವು ಬರುತ್ತಿದ್ದರೆ ಅದು ಸೋಂಕು. ಒಂದು ಸಲ ಆದರೆ ಬೆಚ್ಚಗಿನ ನೀರು, ಡಾಕ್ಟರ್ ಬರೆದ ಮುಲಾಮು ಇವುಗಳಲ್ಲೇ ಹೋಗುತ್ತದೆ. ಪದೇ ಪದೇ ಆಗುತ್ತಿದ್ದರೆ ಮುಂದಿನ ಚಿಕಿತ್ಸೆಯ ಮಾತು ಬರುತ್ತದೆ. ಕಾರಣ ಗೊತ್ತಾಗದ ಜ್ವರ ಇದ್ದು, ಮಗು ಉಚ್ಚೆ ಮಾಡುವಾಗ ಅಳುತ್ತಿದ್ದರೆ ಉಚ್ಚೆಯ ಪರೀಕ್ಷೆ ಮಾಡಿಸಲೇಬೇಕು. ಮೂತ್ರದ ಸೋಂಕು ಮತ್ತೆ ಮತ್ತೆ ಬರುವ ಮಕ್ಕಳಲ್ಲಿ ಮುಂದೊಗಲಿನ ಬಗ್ಗೆಯೂ ಡಾಕ್ಟರ್ ಯೋಚಿಸುತ್ತಾರೆ. ಉಚ್ಚೆ ತೊಟ್ಟಿಕ್ಕುತ್ತಿದೆ, ಮಗು ಮುಕ್ಕರಿಯುತ್ತಿದೆ ಅಂದರೂ ತೋರಿಸಬೇಕು. ಉಚ್ಚೆ ಪೂರ್ತಿ ನಿಂತೇ ಹೋದರೆ ಬೆಳಗಾಗಲಿ ಅಂತ ಕಾಯುವುದು ಬೇಡ, ಆಗಲೇ ಹೊರಡಬೇಕು.

ಗೆಳೆಯನ ಮನೆಯಲ್ಲಿ ಡಾಕ್ಟರ್ ಮುಂದೊಗಲು ತೆಗೆಯುವ ಆಪರೇಷನ್ ಅಂದ ಕೂಡಲೇ ಅವನ ತಾಯಿ ಬೇಡ ಅಂದರು. "ನಮ್ಮಲ್ಲಿ ಅದೆಲ್ಲ ಇಲ್ಲ" ಅನ್ನುವುದು ಅವರ ಮಾತು. ಸುನ್ನತಿ ಅಂದರೆ ಇನ್ನೊಂದು ಧರ್ಮದ ಆಚರಣೆ, ನಮ್ಮ ಹುಡುಗನಿಗೆ ಯಾಕೆ ಅಂತ. ಆ ಮಾತಿನಲ್ಲೇ ತಿಂಗಳುಗಳು ಹೋದವು. ಹುಡುಗ ಶಾಲೆಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದ, ಉಚ್ಚೆ ಬರದಿರಲಿ ಅಂತ. ಇದನ್ನು ಕೇಳಿದಾಗ ನನಗೆ ಆದ ಸಂಕಟ ಇವತ್ತಿಗೂ ಹೋಗಿಲ್ಲ. ಕರಾವಳಿಯ ಸೆಖೆಯಲ್ಲಿ ಒಂಬತ್ತು ವರ್ಷದ ಹುಡುಗ ಬಾಯಾರಿಕೊಂಡು ಕೂರುವುದು, ಅದೂ ಯಾರಿಗೂ ಹೇಳದೆ.

ಕೊನೆಗೆ ದಾರಿ ತೆರೆದದ್ದು ಗೆಳೆಯನ ಜೊತೆ ಕೆಲಸ ಮಾಡುವ ಭಟ್ಕಳದ ಒಬ್ಬರು. ಅವರ ಮನೆತನದಲ್ಲಿ ಇದು ಮುಚ್ಚಿಡುವ ವಿಷಯವೇ ಅಲ್ಲ. ಗಂಡು ಮಕ್ಕಳಿಗೆಲ್ಲ ಆಗುವಂಥದ್ದು, ನೆಂಟರು ಬರುತ್ತಾರೆ, ಸಿಹಿ ಹಂಚುತ್ತಾರೆ. ಅವರು ಮನೆಗೆ ಬಂದು ಗೆಳೆಯನ ತಾಯಿಯ ಎದುರೇ ಕೂತು ಹೇಳಿದರು: ಮೊದಲ ಎರಡು ಮೂರು ದಿನ ನೋವು, ಬಟ್ಟೆ ತಾಗದ ಹಾಗೆ ಸಡಿಲ ಲುಂಗಿ ಉಡಿಸಿ, ಊತ ಕಂಡರೆ ಹೆದರಬೇಡಿ, ವಾರ ಹತ್ತು ದಿನದಲ್ಲಿ ಓಡಾಡುತ್ತಾನೆ. ಧರ್ಮದ ಮಾತೇ ಬರಲಿಲ್ಲ. ಮಕ್ಕಳನ್ನು ಸಾಕಿದ ಒಬ್ಬ ಅಪ್ಪ ಇನ್ನೊಂದು ಮನೆಗೆ ಬಂದು ತನಗೆ ಗೊತ್ತಿದ್ದದ್ದನ್ನು ಹೇಳಿದ, ಅಷ್ಟೆ. ಆಮೇಲೆ ಆ ಅಜ್ಜಿಯೇ ಮೊಮ್ಮಗನ ಜೊತೆ ಮಣಿಪಾಲಕ್ಕೆ ಹೊರಟರು. ಪೂರ್ತಿ ಅರಿವಳಿಕೆ ಕೊಟ್ಟು ಮಾಡಿದರು. ತೆಗೆದ ಚರ್ಮವನ್ನು ಪರೀಕ್ಷೆಗೆ ಕಳಿಸಿದರು, ಕಾಯಿಲೆ ಖಾತ್ರಿಯಾಯಿತು. ಉಚ್ಚೆಯ ತೂತು ಕಿರಿದಾಗುತ್ತಿಲ್ಲ ಅಂತ ನೋಡಲು ಆಮೇಲೂ ಕರೆಸಿದರು.

ನಮ್ಮ ಜಿಲ್ಲೆಯವರು ದೊಡ್ಡ ಆಸ್ಪತ್ರೆಗಾಗಿ ಕೇಳುತ್ತಲೇ ಇದ್ದೇವೆ. ಘಟ್ಟದ ಮೇಲಿನವರು ಹುಬ್ಬಳ್ಳಿಗೆ, ಕೆಳಗಿನವರು ಮಣಿಪಾಲಕ್ಕೋ ಮಂಗಳೂರಿಗೋ, ಕಾರವಾರದವರು ಗೋವಾಕ್ಕೋ ಓಡುವುದು ಇನ್ನೂ ನಿಂತಿಲ್ಲ. ಆ ಕೂಗಿನಲ್ಲಿ ನನ್ನ ದನಿಯೂ ಇದೆ. ಆದರೆ ಮುಂದೊಗಲಿನ ವಿಷಯಕ್ಕೆ ಮೊದಲೇ ಅಷ್ಟು ದೂರ ಹೋಗಬೇಕಾಗಿಲ್ಲ. ಹತ್ತಿರದ ಮಕ್ಕಳ ಡಾಕ್ಟರ್ ನೋಡಿದರೆ ಇದು ಸಹಜವೋ ಕಾಯಿಲೆಯೋ ಅಂತ ಬಹುಪಾಲು ಅಲ್ಲೇ ತಿಳಿಯುತ್ತದೆ. ಆಪರೇಷನ್ ಬೇಕು ಅಂದಾಗ ಮಕ್ಕಳ ಸರ್ಜನ್ ಮತ್ತು ಮಕ್ಕಳಿಗೆ ಅರಿವಳಿಕೆ ಕೊಟ್ಟು ಅನುಭವ ಇರುವವರು ಎಲ್ಲಿದ್ದಾರೆ ಅಂತ ಅವರನ್ನೇ ಕೇಳಬಹುದು. ಆಪರೇಷನ್ ಅಂದರೆ ಯಾವಾಗಲೂ ಚರ್ಮ ಪೂರ್ತಿ ತೆಗೆಯುವುದೂ ಅಲ್ಲ. ಬಿಳಿ ಉಂಗುರದ ಕಾಯಿಲೆ ಇಲ್ಲದ ಕೆಲವರಿಗೆ ಬಿಗಿ ಇರುವ ಜಾಗವನ್ನಷ್ಟೇ ಕೊಯ್ದು ಅಗಲ ಮಾಡುವ ವಿಧಾನವೂ ಇದೆ. ಇನ್ನೊಂದು ಮಾತು. ಕೆಲವು ಮಕ್ಕಳಿಗೆ ಉಚ್ಚೆಯ ತೂತು ತುದಿಯಲ್ಲಿರದೆ ಕೆಳಭಾಗದಲ್ಲಿರುತ್ತದೆ. ಅದನ್ನು ಸರಿ ಮಾಡುವ ಆಪರೇಷನ್ನಿಗೆ ಮುಂದೊಗಲಿನ ಚರ್ಮವೇ ಬೇಕಾಗುತ್ತದೆ. ಅಂಥ ಮಕ್ಕಳಿಗೆ ಯಾವ ಕಾರಣಕ್ಕೂ ಮೊದಲೇ ಅದನ್ನು ತೆಗೆಸಬಾರದು.

ಮುಲಾಮು ಇದೆ, ಆದರೆ ಚೀಟಿ ಬೇಕು

ಅಂಗಡಿಗೆ ಬಂದವರು ಕೇಳುವ ಮುಲಾಮು ಸುಳ್ಳಲ್ಲ. ಸ್ವಲ್ಪ ದೊಡ್ಡ ಮಕ್ಕಳಿಗೆ ಬಿಗಿಯಿಂದ ತೊಂದರೆ ಆಗುತ್ತಿದ್ದರೆ ಡಾಕ್ಟರ್ ಸಾಮಾನ್ಯವಾಗಿ ಮೊದಲು ಬರೆಯುವುದು ಸ್ಟಿರಾಯ್ಡ್ ಮುಲಾಮನ್ನೇ. ಬೀಟಾಮೆಥಾಸೋನ್ 0.05% ಅಥವಾ ಅಂಥದ್ದೇ ಇನ್ನೊಂದು. ದಿನಕ್ಕೆ ಎರಡು ಸಲ, ನಾಲ್ಕರಿಂದ ಎಂಟು ವಾರ. ಹಚ್ಚಬೇಕಾದದ್ದು ಬಿಗಿಯಾದ ಉಂಗುರದ ಮೇಲೆ ಮಾತ್ರ, ತೆಳ್ಳಗೆ. ಅದರ ಜೊತೆ ನೋವಾಗದಷ್ಟು ಮೆಲ್ಲಗೆ ಹಿಂದೆ ಸರಿಸುವುದು. ಈ ಕೆಲಸ ಹುಡುಗನೇ ಮಾಡಿಕೊಂಡರೆ ಇನ್ನೂ ಒಳ್ಳೆಯದು, ಎಲ್ಲಿ ನೋಯುತ್ತದೆ ಅಂತ ಅವನಿಗೇ ಗೊತ್ತು. ಹೆಚ್ಚಿನ ಮಕ್ಕಳಲ್ಲಿ ಇಷ್ಟಕ್ಕೇ ಚರ್ಮ ಹಿಗ್ಗಿ ಆಪರೇಷನ್ ತಪ್ಪುತ್ತದೆ. ಕೆಲವರಿಗೆ ಮುಲಾಮು ನಿಲ್ಲಿಸಿದ ಮೇಲೆ ಮತ್ತೆ ಬಿಗಿಯಾಗುವುದುಂಟು, ಆಗ ಡಾಕ್ಟರ್ ಇನ್ನೊಂದು ಸುತ್ತು ಕೊಡಬಹುದು.

ಹಾಗಿದ್ದೂ ಚೀಟಿ ಇಲ್ಲದೆ ನಾನು ಇದನ್ನು ಕೊಡುವುದಿಲ್ಲ. ಕೆಲವರಿಗೆ ಬೇಜಾರಾಗುತ್ತದೆ. ಆದರೆ ಎರಡು ವರ್ಷದ, ಏನೂ ತೊಂದರೆ ಇಲ್ಲದ ಮಗುವಿಗೆ ಅದು ಬೇಕಾಗಿಯೇ ಇಲ್ಲ. ಸೋಂಕು ಇರುವಾಗ ಬರೀ ಸ್ಟಿರಾಯ್ಡ್ ಹಚ್ಚಿದರೆ ಸೋಂಕು ಜಾಸ್ತಿಯಾಗಬಹುದು. ಇದಕ್ಕಿಂತ ಹೆಚ್ಚು ಭಯ ನನಗೆ ಮನೆಯಲ್ಲಿ ಉಳಿದ ತುರಿಕೆಯ ಟ್ಯೂಬಿನದು. ಮಳೆಗಾಲದಲ್ಲಿ ನಮ್ಮ ಕಡೆ ಗಜಕರ್ಣ ಇಲ್ಲದ ಮನೆ ಕಡಿಮೆ. ಅದಕ್ಕೆ ಅಂತ ತಂದ, ಬಲವಾದ ಸ್ಟಿರಾಯ್ಡ್, ಫಂಗಸ್ಸಿನ ಔಷಧ, ಆಂಟಿಬಯೋಟಿಕ್ ಎಲ್ಲ ಬೆರೆಸಿದ ಮುಲಾಮನ್ನು ಮಗುವಿನ ಎಳೆ ಚರ್ಮಕ್ಕೂ ಹಚ್ಚಿಬಿಡುತ್ತಾರೆ. ಅದು ಚರ್ಮವನ್ನು ತೆಳುವಾಗಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಹಿಂದೆ ಹೋಗಿ ಮುಂದೆ ಬಾರದಿದ್ದಾಗ

ಈ ಒಂದು ಪರಿಸ್ಥಿತಿಯಲ್ಲೂ ಕಾಯುವುದಕ್ಕೆ ಸಮಯವೇ ಇರುವುದಿಲ್ಲ. ನಮ್ಮ ನೆಂಟರ ಹುಡುಗನೊಬ್ಬ, ದೇವಿಮನೆ ಘಟ್ಟದ ಹತ್ತಿರದ ಹಳ್ಳಿಯವನು, ಆಗ ಏಳನೇ ಕ್ಲಾಸು. ಯಾರೋ ಗೆಳೆಯರು ಹೇಳಿದ್ದು ಕೇಳಿ ಸ್ನಾನ ಮಾಡುವಾಗ ಚರ್ಮ ಹಿಂದಕ್ಕೆ ಎಳೆದಿದ್ದಾನೆ. ಬಿಗಿ ಇದ್ದರೂ ಹೇಗೋ ಹೋಯಿತು. ಮುಂದೆ ಬರಲಿಲ್ಲ. ತುದಿಯ ಹಿಂದೆ ಚರ್ಮ ದಾರ ಕಟ್ಟಿದ ಹಾಗೆ ಬಿಗಿದುಕೊಂಡು ಊದತೊಡಗಿತು. ಹುಡುಗ ಯಾರಿಗೂ ಹೇಳಲಿಲ್ಲ. ಊಟ ಬೇಡ, ಹೊಟ್ಟೆನೋವು ಅಂತ ಮಲಗಿದ. ನಡುರಾತ್ರಿ ನರಳುವುದು ಕೇಳಿ ಅಪ್ಪ ಎದ್ದು ಕೇಳಿದಾಗಲೂ ಹೊಟ್ಟೆನೋವು ಅಂದ. ದೀಪ ಹಾಕಿ, ಬಾಗಿಲು ಮುಂದೆ ಮಾಡಿ, ಪಕ್ಕದಲ್ಲಿ ಕೂತು "ಎಂತ ಆದ್ರೂ ನಾ ಬಯ್ಯದಿಲ್ಲೆ, ಹೇಳು" ಅಂದ ಮೇಲೆ ಬಾಯಿ ಬಿಟ್ಟ.

ಆ ಅಪ್ಪ ಸ್ವಲ್ಪವೂ ತಡ ಮಾಡಲಿಲ್ಲ. ಆ ಮಳೆಯಲ್ಲೇ ಜೀಪು ಹೊರಡಿಸಿ ನನಗೆ ಫೋನ್ ಮಾಡಿದ. ನಾನು ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿದ್ದೆ. ರಾತ್ರಿ ಪಾಳಿಯ ಡಾಕ್ಟರ್ ಚಿಕ್ಕ ವಯಸ್ಸಿನವರು, ಆದರೆ ತುಂಬ ಸಮಾಧಾನ. ಮರಗಟ್ಟಿಸುವ ಜೆಲ್ ಹಚ್ಚಿದರು. ಆಮೇಲೆ ಊದಿದ ಭಾಗವನ್ನು ಬಟ್ಟೆಯಲ್ಲಿ ಸುತ್ತಿ ಮುಷ್ಟಿಯಲ್ಲಿ ಹಿಡಿದು ಸುಮಾರು ಹೊತ್ತು ಒಂದೇ ಸಮ ಒತ್ತಿದರು. ಒತ್ತುತ್ತಾ ಅವನ ಶಾಲೆ, ಕ್ರಿಕೆಟ್ಟು ಅಂತ ಮಾತಾಡಿಸುತ್ತಿದ್ದರು. ಊತ ಇಳಿದ ಮೇಲೆ ಹೆಬ್ಬೆರಳುಗಳಿಂದ ತುದಿಯನ್ನು ಒಳಕ್ಕೆ ಒತ್ತುತ್ತಾ ಚರ್ಮವನ್ನು ಮುಂದಕ್ಕೆ ತಂದರು. ಹುಡುಗ ಒಮ್ಮೆ ಜೋರಾಗಿ ಕಿರುಚಿದ, ಮರುಕ್ಷಣ ಸುಮ್ಮನಾದ. ಅಪ್ಪ ಗೋಡೆಗೆ ಒರಗಿ ಅಳುತ್ತಿದ್ದ.

ಸುಶ್ರುತ ಸಂಹಿತೆಯಲ್ಲಿ ಇದಕ್ಕೆ ಪರಿವರ್ತಿಕಾ ಅನ್ನುವ ಹೆಸರಿದೆ. ತುಪ್ಪ ಹಚ್ಚಿ, ಶಾಖ ಕೊಟ್ಟು, ತುದಿಯನ್ನು ಒತ್ತುತ್ತಾ ಮೆಲ್ಲಗೆ ಚರ್ಮವನ್ನು ಮುಂದೆ ತರಬೇಕು ಅಂತ ಅಲ್ಲಿ ಹೇಳಿದೆ. ಅಷ್ಟು ಹಿಂದೆಯೇ ಇದನ್ನು ಗಮನಿಸಿ ಬರೆದಿಟ್ಟಿದ್ದಾರೆ ಅನ್ನುವುದು ನನಗೆ ದೊಡ್ಡ ವಿಷಯ. ಆದರೆ ಇದು ಮನೆಯಲ್ಲಿ ಪ್ರಯೋಗ ಮಾಡುತ್ತಾ ಕೂರುವ ಹೊತ್ತಲ್ಲ. ಬಿಗಿದ ಚರ್ಮ ರಕ್ತದ ಓಡಾಟವನ್ನೇ ತಡೆಯುತ್ತದೆ. ಗಂಟೆಗಳು ಕಳೆದಂತೆ ಊತ ಏರುತ್ತದೆ, ತುದಿಗೆ ಶಾಶ್ವತ ಹಾನಿಯೂ ಆಗಬಹುದು. ಬಟ್ಟೆಯಲ್ಲಿ ಸುತ್ತಿದ ತಂಪು ಇಟ್ಟು, ಮೆಲ್ಲಗೆ ಒತ್ತಿ ಹಿಡಿದು ಆಸ್ಪತ್ರೆಯ ದಾರಿ ಹಿಡಿಯಬೇಕು. ಕೈಯಿಂದ ಸರಿಯಾಗದಿದ್ದರೆ ಬಿಗಿದ ಉಂಗುರಕ್ಕೆ ಡಾಕ್ಟರ್ ಸಣ್ಣ ಸೀಳು ಕೊಟ್ಟು ಬಿಡಿಸುತ್ತಾರೆ. ಮನೆಯಲ್ಲಿ ಮಲಗಿದ ಹಿರಿಯರಿಗೆ ಉಚ್ಚೆಯ ನಳಿಕೆ ಹಾಕಿದಾಗಲೂ ಹೀಗಾಗುವುದುಂಟು. ನಳಿಕೆ ಹಾಕಿ ಆದ ಮೇಲೆ ಚರ್ಮ ಮುಂದೆ ಬಂದಿದೆಯಾ ಅಂತ ನೋಡಿಕೊಳ್ಳಬೇಕು.

ಆ ಹುಡುಗನಿಗೆ ಆಮೇಲೆ ಕೆಲವು ವಾರ ಮುಲಾಮು ಹಚ್ಚಿದ್ದೇ ಸಾಕಾಯಿತು. ಅವನು ಅಷ್ಟು ಹೊತ್ತು ಒಬ್ಬನೇ ಅನುಭವಿಸಿದ್ದು ಮಾತ್ರ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ನಮ್ಮ ಮನೆಗಳಲ್ಲಿ ಹೆಣ್ಣು ಮಕ್ಕಳಿಗೆ ಮುಟ್ಟಿನ ಬಗ್ಗೆ ಅಮ್ಮನೋ ಅಕ್ಕನೋ ಈಗ ಒಂದಿಷ್ಟಾದರೂ ಹೇಳುತ್ತಾರೆ. ಹುಡುಗರಿಗೆ ಯಾರು ಹೇಳುತ್ತಾರೆ? ಅಪ್ಪ ಹೇಳುವುದಿಲ್ಲ, ಅವನಿಗೂ ಯಾರೂ ಹೇಳಿರಲಿಲ್ಲ. ಶಾಲೆಯಲ್ಲಿ ಆ ಪಾಠ ಬಂದಾಗ ಪುಟ ತಿರುಗಿಸುತ್ತಾರೆ. ಉಳಿಯುವುದು ಗೆಳೆಯರು ಮತ್ತು ಮೊಬೈಲು.

ಹುಡುಗ ತಾನೇ ಸ್ನಾನ ಮಾಡಲು ಶುರು ಮಾಡುವ ಹೊತ್ತಿಗೆ ಅಪ್ಪನೋ ಸೋದರಮಾವನೋ ಕೂರಿಸಿಕೊಂಡು ಹೇಳಬಹುದಾದದ್ದು ಇಷ್ಟೇ. ಚರ್ಮ ತಾನಾಗಿ ಎಷ್ಟು ಹಿಂದೆ ಹೋಗುತ್ತದೋ ಅಷ್ಟು ಸರಿಸಿ ಬರೀ ನೀರಿನಿಂದ ತೊಳೆದುಕೋ. ನೋವಾದರೆ ಅಲ್ಲಿಗೇ ನಿಲ್ಲಿಸು. ತೊಳೆದ ಮೇಲೆ ಮರೆಯದೆ ಮುಂದಕ್ಕೆ ತಂದುಕೋ. ಕೆಂಪಾದರೆ, ಉರಿದರೆ, ಸಿಕ್ಕಿಕೊಂಡರೆ ರಾತ್ರಿ ಎಷ್ಟು ಹೊತ್ತಾದರೂ ನನ್ನನ್ನು ಎಬ್ಬಿಸು.